ಗಿಟಾರಿನ ಹೊಟ್ಟೆಯೊಳಗಿನ ಕುಂಕುಮ

ನಮ್ಮ ಮನೆಯ ಬೀಸುವ ಕಲ್ಲಿನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ. ನಾನು ಸೊಸೆಯಾಗಿ ಬಂದಾಗ ದಿನಾ ಬೆಳಗಿನಲ್ಲಿ ಅದನ್ನು ತಿರುಗಿಸಿ ರಟ್ಟೆ ಸೋಲುತ್ತಿತ್ತು. ಆಗ ಅದನ್ನು ಕಲ್ಲು ಎನ್ನುತ್ತಿದ್ದರು, ಅಷ್ಟೇ. ಆಮೇಲೆ ನಿಮ್ಮ ಅಜ್ಜ ಕುಲಗೋಡದಲ್ಲಿ ಹಿಟ್ಟಿನ ಗಿರಣಿ ಹಾಕಿದರು, ಕಲ್ಲು ಮೂಲೆ ಸೇರಿತು. ಮೂಲೆ ಸೇರಿದ ಮೇಲೆ ನೋಡಿ ಅದರ ಭಾಗ್ಯ! ಮದುವೆ ಬಂದರೆ ಮೈತುಂಬ ಅರಿಷಿಣ, ಹೂವು, ಹೆಂಗಸರ ಹಾಡು. ಮಕ್ಕಳು ದಾಟಿದರೆ ಬೈಗುಳ. ಬೀಸುವುದು ನಿಂತ ಮೇಲೆಯೇ ಅದಕ್ಕೆ ಮರ್ಯಾದೆ ಬಂದದ್ದು.

ಮಕ್ಕಳೇ, ನಿಮ್ಮ ಅಜ್ಜನ ಕೆಂಪು ಗಿಟಾರಿನ ಹಣೆಬರಹವೂ ಹೀಗೇ ಆಗುವುದರಲ್ಲಿತ್ತು. ಹೇಗೆ ತಪ್ಪಿತು ಎನ್ನುವುದನ್ನು ಬರೆದಿಡುತ್ತೇನೆ. ಎದುರಿಗೆ ಹೇಳೋಣವೆಂದರೆ ನಿಮ್ಮ ಮುಂದೆ ಕೂಡ ನನಗೆ ನಾಚಿಕೆ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇಂಥ ಹೊತ್ತಿಗಾದರೂ ಬೇಕಲ್ಲ.

ಅಜ್ಜ ಹಗಲು ಗಿರಣಿಯಲ್ಲಿರುತ್ತಿದ್ದರು. ಲಗ್ನದ ದಿನಗಳು ಬಂದರೆ ಆರ್ಕೆಸ್ಟ್ರಾ ಪಾರ್ಟಿಯ ಜೊತೆ ಗೋಕಾಕ, ಅಂಕಲಗಿ, ಹುಕ್ಕೇರಿ ಎಂದು ಕರೆಂಟಿನ ಗಿಟಾರು ನುಡಿಸಲು ಹೋಗುತ್ತಿದ್ದರು. ಎಷ್ಟು ತೊಳೆದರೂ ಕಿವಿಯ ಹಿಂದೆ ಜೋಳದ ಹಿಟ್ಟು ಉಳಿದಿರುತ್ತಿತ್ತು. ನೋಡಿದವರು ಕಲಾವಿದರು ಪೌಡರ್ ಹಚ್ಚಿಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಒಮ್ಮೆಯೂ ಚಪ್ಪರದ ಮುಂದೆ ಕೂತು ಕೇಳಿದವಳಲ್ಲ. ನಾನು ಕೇಳಿದ್ದು ಅಡುಗೆಮನೆಯಿಂದ. ಸಂಜೆ ಗಿರಣಿಯ ಪಟ್ಟಿ ನಿಂತ ಮೇಲೆ ಅವರು ಒಂದೊಂದೇ ತಂತಿ ಬಿಗಿ ಮಾಡುತ್ತಿದ್ದರು, ಈಚೆ ನಾನು ರೊಟ್ಟಿ ಬಡಿಯುತ್ತಿದ್ದೆ. ತಂತಿ ಸರಿಯಾದ ಜಾಗಕ್ಕೆ ಬಂದು ನಿಂತಾಗ ನನ್ನ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು.

ಅವರು ಹೋದ ಮೇಲೆ ಗಿಟಾರು ಮಂಚದ ಕೆಳಗೆ ಸೇರಿತು. ವರ್ಷಕ್ಕೊಮ್ಮೆ ದಸರೆಯಲ್ಲಿ ಖಂಡೇ ಪೂಜೆಯ ದಿನ ನಾನು ಅದನ್ನು ಹೊರಗೆ ತೆಗೆಯುತ್ತಿದ್ದೆ. ಕುಡಗೋಲು, ಗಿರಣಿ, ಟ್ರ್ಯಾಕ್ಟರು ಎಲ್ಲದಕ್ಕೂ ಅವತ್ತು ಪೂಜೆ ಆಗುತ್ತದಲ್ಲ, ಆ ಸಾಲಿನಲ್ಲಿ ಇದನ್ನೂ ಇಡುತ್ತಿದ್ದೆ. ಧಾರಾಳವಾಗಿ ಪೂಜೆ ಮಾಡುತ್ತಿದ್ದೆ. ನಾನು ಹಣೆಗೆ ಹಚ್ಚುವುದನ್ನು ಬಿಟ್ಟ ಮೇಲೆ ನನ್ನ ಭರಣಿಯ ಕುಂಕುಮಕ್ಕೆ ಅದೊಂದೇ ಹಣೆ ಉಳಿದಿತ್ತು. ಮರುದಿನ ಟ್ರ್ಯಾಕ್ಟರು ಹೊಲಕ್ಕೆ ಹೋಗುತ್ತಿತ್ತು. ಗಿಟಾರು ಮಂಚದ ಕೆಳಗೆ.

ಹೋದ ವರ್ಷ ನನ್ನ ಮಗಳು ಸುವರ್ಣಾಳ ಹೊಸ ಮನೆ ಹುಕ್ಕೇರಿಯಲ್ಲಿ ಎದ್ದು ನಿಂತಿತು. ಅಳಿಯಂದಿರು ಫೋನು ಮಾಡಿದರು.

“ಅತ್ತಿಯಾರ, ಗಿಟಾರ ತಗೊಂಡು ಬರ್ರಿ. ಪಡಸಾಲ್ಯಾಗ ಮಾವಾರ ಫೋಟೋದ ಬಾಜೂಕ ತೂಗಹಾಕೋಣು. ಮೊಳಿ ಹೊಡಿಸೇನಿ, ಮ್ಯಾಲೊಂದು ಲೈಟೂ ಹಾಕಿಸೇನಿ. ಹಾರ ನಾನ ತರತೇನಿ.”

ಪ್ರೀತಿಯಿಂದಲೇ ಹೇಳಿದ್ದು. ಅಳಿಯಂದಿರ ಮುಂದೆ ನನ್ನ ಬಾಯಿಂದ ಹೊರಡುವುದು ಒಂದೇ ಮಾತು, “ಹೂಂ.” ಅದನ್ನೇ ಹೇಳಿ ಫೋನು ಇಟ್ಟೆ. ಇಟ್ಟ ಮೇಲೆ ಮಂಚದ ಕೆಳಗೆ ಬಗ್ಗಿ ನೋಡಿದೆ. ಎಂಥವರ ಫೋಟೋಕ್ಕೆ ಹಾರ ಹಾಕುತ್ತಾರೆ ಎಂದು ಗೊತ್ತಲ್ಲ. ಒಂದು ಮನೆಯ ಗೋಡೆಗೆ ಒಂದು ಹಾರ ಸಾಕಾಗಿತ್ತು. ಆ ಮೊಳೆಗೆ ಏರಿಸುವ ಮೊದಲು ಅದು ಒಮ್ಮೆ ನುಡಿಯಬೇಕು ಎನಿಸಿತು. ನುಡಿದರೆ ಯಾರು ತಾನೇ ತೂಗುಹಾಕುತ್ತಾರೆ?

ಮಗನ ಮಗಳು ದೀಪಾಳಿಗೆ ಮಾತ್ರ ಹೇಳಿದೆ. ಅವಳು ಗೋಕಾಕದ ಕಾಲೇಜಿಗೆ ಹೋಗುತ್ತಾಳೆ, ಗೆಳತಿಯ ಗಿಟಾರಿನ ಮೇಲೆ ನಾಲ್ಕು ಹಾಡು ಕಲಿತಿದ್ದಾಳೆ.

“ಇದು ಮತ್ತ ನುಡೀತೈತೇನ ದೀಪಾ?”

“ಆಯಿ, ನೀ ಸ್ಟೇಜ್ ಮ್ಯಾಲ ಹೋಗಾಕಿ ಏನು?”

“ನಾ ಅಲ್ಲ ನನ್ನವ್ವ, ಅದು.”

ಗಿಟಾರನ್ನು ಹಳೆ ಸೀರೆಯ ಕೌದಿಯಲ್ಲಿ ಸುತ್ತಿಕೊಂಡು ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ಕಂಡಕ್ಟರ್ ಬಗ್ಗಿ ನೋಡಿ, “ಕೂಸಿಗೆ ಜ್ವರ ಏನ್ರಿ?” ಎಂದ. ಇಷ್ಟುದ್ದದ ಕೂಸು ಎಲ್ಲಿರುತ್ತದೆ! ಆದರೂ ನಾನು ಹೂಂ ಎಂದೆ. ದೀಪಾ ಗೋಕಾಕ ಬರುವವರೆಗೂ ಕಿಟಕಿಗೆ ಮುಖ ಮಾಡಿ ನಕ್ಕಳು.

ಇಳಿದು ದಸ್ತಗೀರ ಕಾಕಾ ಅವರ ಅಂಗಡಿಗೆ ಹೋದೆವು. ಅವರು ಮೈಕ್ ಸೆಟ್ ಬಾಡಿಗೆ ಕೊಡುವವರು, ಕೆಟ್ಟರೆ ತಾವೇ ಬಿಚ್ಚಿ ಕೂರುವವರು. ಮೊದಲಿಗೇ ಹೇಳಿಬಿಟ್ಟರು: “ಗಿಟಾರ ನಾ ಎಂದೂ ಬಿಚ್ಚಿಲ್ರಿ ಆಯಿ. ಆದ್ರ ಕರೆಂಟಿನ ಸಾಮಾನ ಅಲ್ಲೇನು, ಕರೆಂಟ್ ಎಲ್ಲಿ ಬಂದು ನಿಂತೈತಿ ಹುಡುಕೂಣು.”

ಸ್ಕ್ರೂ ತೆಗೆದು ಮುಚ್ಚಳ ಎತ್ತಿ, ಗಿಟಾರನ್ನು ವಾಲಿಸಿದರು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಕೆಂಪಗೆ ಸುರಿಯಿತು. ಕುಂಕುಮ. ಅದರ ಹಿಂದೆ ಅರಿಷಿಣ, ಅಕ್ಷತೆಯ ಕಾಳು, ಚೆಂಡುಹೂವಿನ ಒಣ ಎಸಳು, ಒಂದು ಚೂರು ಕರ್ಪೂರ ಕೂಡ.

“ಯವ್ವಾ! ಇದರಾಗ ಯಾರದೋ ಲಗ್ನಾ ಆಗಿ ಹೋಗೈತಲ್ರಿ!”

ದೀಪಾ ನನ್ನ ಕಡೆ ತಿರುಗಿದಳು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, “ಖಂಡೇ ಪೂಜಾ…” ಎಂದೆ. ತಿರುಗಿಸುವ ಗುಂಡಿಗಳ ಸಂದಿನಲ್ಲಿ, ವೈರು ಚುಚ್ಚುವ ತೂತಿನಲ್ಲಿ ವರ್ಷಾನುವರ್ಷ ನಾನೇ ಬೊಟ್ಟಿಟ್ಟು, ಅಕ್ಷತೆ ಹಾಕಿ, ಹೂವು ಸಿಕ್ಕಿಸಿದ್ದೆ. ತೂತನ್ನು ನಾನು ಅದರ ಬಾಯಿ ಎಂದುಕೊಂಡಿದ್ದೆ. ತೆಂಗಿನಕಾಯಿಯ ನೀರನ್ನೂ ಅಲ್ಲಿಗೇ ಚಿಮುಕಿಸುತ್ತಿದ್ದೆ.

ಕಾಕಾ ನಗು ತಡೆದುಕೊಂಡು ಹೇಳಿದರು: “ನಾಚಬ್ಯಾಡ್ರಿ. ಗಣಪತಿಗೆ ಹೋದ ನನ್ನ ಆಂಪ್ಲಿಫೈಯರ್ ಹೊಳ್ಳಿ ಬಂದಾಗ ಒಳಗ ಇದಕ್ಕಿಂತ ಹೆಚ್ಚಿನ ಗುಲಾಲ ಇರತೈತಿ. ಭಕ್ತಿ ಅಂಬೂದು ಒಂದು ತೂತು ಬಿಡೂದಿಲ್ಲ.”

ಉದುರಿದ ಕುಂಕುಮವನ್ನು ಕಾಲಿಗೆ ಸಿಗದಂತೆ ಪೊಟ್ಟಣ ಕಟ್ಟಿಟ್ಟೆ. ಅವರು ಬ್ರಷ್ಷಿನಿಂದ ಸಂದುಗೊಂದು ಕೆರೆದರು, ಗುಂಡಿಗಳಿಗೆ ಸ್ಪ್ರೇ ಹೊಡೆದರು, ತುಂಡಾಗಿದ್ದ ಎರಡು ವೈರುಗಳನ್ನು ಬೆಸೆದರು, ವೈರಿನ ತೂತಿನೊಳಗಿನ ಹಸಿರುಗಟ್ಟಿದ ಸಾಕೆಟ್ಟನ್ನು ಕಿತ್ತು ಹೊಸದು ಕೂಡಿಸಿದರು. ತಂತಿಗಳಂತೂ ತುಕ್ಕಿನ ದಾರಗಳಾಗಿದ್ದವು. ಹೊಸವು ಬೆಳಗಾವಿಯಿಂದ ಬರಬೇಕಿತ್ತು. ಅವು ಬಂದ ಮೇಲೆ ಮತ್ತೆ ಹೋದೆವು.

ತಂತಿ ಹಾಕಿದರೆ ಇನ್ನೊಂದು ತೊಡಕು. ಗಿಟಾರಿನ ಕತ್ತು ಬಾಗಿತ್ತು, ತಂತಿ ಅದರಿಂದ ಬಹಳ ಎತ್ತರಕ್ಕೆ ನಿಂತಿತ್ತು. ದೀಪಾ ಒತ್ತಿ ನೋಡಿ ಬೆರಳಿಗೆ ಉಫ್ ಎಂದು ಊದಿಕೊಂಡಳು. ಕತ್ತಿನೊಳಗೆ ಒಂದು ಕಬ್ಬಿಣದ ಸರಳಿದೆಯಂತೆ, ಕೀಲಿಯಿಂದ ಅದನ್ನು ತಿರುಗಿಸಿದರೆ ಕತ್ತು ನೆಟ್ಟಗಾಗುತ್ತದಂತೆ. ಅದನ್ನು ಅವಳು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದಳು. ಕಾಕಾ ಕೂದಲೆಳೆಯಷ್ಟು ತಿರುಗಿಸುವುದು, ದೀಪಾ ಬಾಗಿಲ ಚೌಕಟ್ಟು ನೋಡುವ ಬಡಿಗನಂತೆ ಒಂದು ಕಣ್ಣು ಮುಚ್ಚಿ ನೋಡುವುದು. “ಇನ್ನೊಂಚೂರು ಕಾಕಾ. ಸಾವಕಾಶ!” ಹೆಚ್ಚು ತಿರುಗಿಸಿದರೆ ಮುರಿದೇ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಸುಮ್ಮನಿರಲಾರದೆ ಬಟ್ಟೆ ತೆಗೆದುಕೊಂಡು ಮೈ ಒರೆಸಹೋದೆ. ಕಾಕಾ ತಲೆ ಎತ್ತದೆ ಕೇಳಿದರು: “ಆಯಿ, ಕೈಯಾಗ ಅರಿಷಿಣ ಇಲ್ಲಲ್ಲ?”

ಕತ್ತು ನೆಟ್ಟಗಾಯಿತು. ದೀಪಾ ಶ್ರುತಿ ನೋಡಲು ಮೊಬೈಲು ಎದುರಿಗಿಟ್ಟು ಒಂದೊಂದೇ ತಂತಿ ಏರಿಸಿದಳು. ನಾನು ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ಕೂತಿದ್ದೆ. ರೊಟ್ಟಿ ಬಡಿಯುವ ಕೈ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಗೆ ಬಂದಾಗ ಕೈ ಎತ್ತಿದೆ. ಮೊಬೈಲಿನಲ್ಲಿ ಹಸಿರು ದೀಪ ಹತ್ತಿದ್ದೂ ಆಗಲೇ.

“ಚಾರ್ಜ್ ಮುಗದ್ರ ಆಯಿನ್ನ ಕರದ್ರಾತು,” ಎಂದರು ಕಾಕಾ.

ವೈರು ಚುಚ್ಚಿದರು. ಮೊದಲು ಗುಂಯ್ ಎಂದಿತು, ಗಿರಣಿ ಚಾಲೂ ಮಾಡಿದಾಗ ಮೊದಲಿಗೆ ಬರುತ್ತದಲ್ಲ, ಹಾಗೆ. ಆಮೇಲೆ ದೀಪಾ ಎಲ್ಲ ತಂತಿಗಳ ಮೇಲೆ ಒಮ್ಮೆ ಕೈ ಎಳೆದಳು. ಎದುರಿನ ಚಹಾದ ಅಂಗಡಿಯವರು ಬಸಿಯಲ್ಲಿ ಚಹಾ ಹಿಡಿದುಕೊಂಡೇ ತಿರುಗಿ ನೋಡಿದರು. ನಾನು ಎದ್ದು ನಿಂತಿದ್ದೆ. ಅಜ್ಜ ಗಿರಣಿಯಿಂದ ಬಂದಾಗ ಹಾಗೆ ಏಳುತ್ತಿದ್ದೆ.

ಹುಕ್ಕೇರಿಯಲ್ಲಿ ಹೊಸ ಮನೆ ಹೊಗುವ ಮನೆಶಾಂತಿಯ ದಿನ ಗಿಟಾರು ಕೌದಿಯೊಳಗೇ ಇತ್ತು. ನಾನು ಹಿಂದಿನ ಅಡುಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದೆ. ಶುಭಕಾರ್ಯದಲ್ಲಿ ಮುಂದೆ ನಿಲ್ಲಬೇಡ ಎಂದು ನನಗೆ ಯಾರೂ ಹೇಳಿದ್ದಿಲ್ಲ. ಯಾರಾದರೂ ಹೇಳುವ ಮೊದಲು ನಾನೇ ಹಿಂದೆ ಸರಿದು ರೂಢಿ. ಬಾಗಿಲಿನಿಂದ ಕಾಣುತ್ತಿದ್ದ ಪಡಸಾಲೆ ಬೀಗರಿಂದ ತುಂಬಿತ್ತು. ಅಳಿಯಂದಿರು ಕೌದಿ ಬಿಚ್ಚಿ, ಲೈಟು ಹಚ್ಚಿ, ಗಿಟಾರನ್ನು ಮೊಳೆಯ ಮಟ್ಟಕ್ಕೆ ಎತ್ತಿಬಿಟ್ಟರು. ಬಗಲಲ್ಲಿ ಚೆಂಡುಹೂವಿನ ಹಾರ. ದೀಪಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳೇ ಹೇಳಬಹುದಿತ್ತು, ಹೇಳಲಿಲ್ಲ.

“ಅಳಿಯಂದ್ರ, ತಡೀರಿ!”

ಯಾರ ದನಿ ಎಂದು ಎಲ್ಲರೂ ತಿರುಗಿದರು. ನನ್ನದೇ ಎಂದು ನನಗೂ ಕ್ಷಣ ತಿಳಿಯಲಿಲ್ಲ; ಆಗಲೇ ಪಡಸಾಲೆಗೆ ಬಂದು ನಿಂತಿದ್ದೆ.

“ಅದಕ್ಕ ಹಾರ ಹಾಕಬ್ಯಾಡ್ರಿ. ಅದು ಇನ್ನೂ ಐತಿ.”

ಮಂಗಳಾರತಿಯ ಹಾಡಿಗೆಂದು ತಂದಿದ್ದ ಸ್ಪೀಕರಿಗೆ ದೀಪಾ ಅಷ್ಟರಲ್ಲಿ ವೈರು ಹಾಕಿಯಾಗಿತ್ತು. ಅಳಿಯಂದಿರ ಕೈಯಿಂದ ಗಿಟಾರನ್ನು ತೆಗೆದುಕೊಂಡು, ವೈರು ಚುಚ್ಚಿ, ನನ್ನ ಮುಂದೆ ಹಿಡಿದಳು. “ಮೊದಲನೇದು ನೀನ ಹೊಡಿ ಆಯಿ.” ನನ್ನ ಕೈಗೆ ಕಣಕ ಹತ್ತಿತ್ತು. ಗಿಟಾರಿಗೆ ಹಿಟ್ಟು ಹೊಸದೇನಲ್ಲ. ಎಳೆದೆ ನೋಡಿ ಒಮ್ಮೆ ಮೇಲಿಂದ ಕೆಳಗೆ! ಹೊಸ ಗೋಡೆ, ಹೊಸ ಕಿಟಕಿ, ಬೀಗರ ಎದೆ ಎಲ್ಲ ಝಲ್ಲೆಂದವು. ಮಲಗಿದ್ದ ಒಂದು ಕೂಸು ಎದ್ದು ಅತ್ತಿತು, ಅದರಜ್ಜಿ ಚಪ್ಪಾಳೆ ತಟ್ಟಿದಳು. ಆಮೇಲೆ ದೀಪಾ ತನ್ನ ನಾಲ್ಕೂ ಹಾಡು ನುಡಿಸಿದಳು. ಮತ್ತೊಮ್ಮೆ ಅವೇ ನಾಲ್ಕನ್ನು ನುಡಿಸಿದಳು. ಊಟಕ್ಕೆ ಏಳಿರಿ ಎಂದರೆ ಯಾರೂ ಏಳಲಿಲ್ಲ.

ಅಳಿಯಂದಿರು ಹಾರ ಹಿಡಿದು ನಿಂತೇ ಇದ್ದರು. “ದೀಪಾ, ಗಿಟಾರ ಜೋಡಿ ನಮ್ಮ ಅತ್ತಿಯಾರನ್ನೂ ರಿಪೇರಿಗೆ ಹಾಕಿದ್ದಿ ಏನು?” ಎಂದು ನಗುತ್ತ ಹೋಗಿ ಹಾರವನ್ನು ತಲೆಬಾಗಿಲಿಗೆ ಕಟ್ಟಿದರು. ಮೊಳೆ ಮಾತ್ರ ಅಲ್ಲೇ ಉಳಿಯಿತು. ಈಗ ಹುಕ್ಕೇರಿಗೆ ಹೋದಾಗ ಅದಕ್ಕೆ ನನ್ನ ಕೈಚೀಲ ಹಾಕುತ್ತೇನೆ. ಎಲೆ ಅಡಿಕೆಯ ಚೀಲಕ್ಕೆ ಮೇಲಿಂದ ಲೈಟು ಬೀಳುತ್ತದೆ.

ಈ ವರ್ಷದ ಖಂಡೇ ಪೂಜೆಗೆ ಗಿಟಾರಿನ ಬೆನ್ನಿಗೆ ಒಂದೇ ಬೊಟ್ಟು ಇಟ್ಟೆ, ಆ ಪೊಟ್ಟಣದ ಕುಂಕುಮದ್ದೇ. ತೂತಿನಿಂದ ದೂರ, ಕಾಕಾ ಹೇಳಿದಂತೆ.

ನೀವೆಲ್ಲ ಬಂದಾಗ ನನ್ನ ಕಾಲು ಮುಟ್ಟುತ್ತೀರಿ, ಕುರ್ಚಿ ಹಾಕುತ್ತೀರಿ, “ಆಯಿ, ನೀ ಸುಮ್ಮ ಕುಂದರು” ಎನ್ನುತ್ತೀರಿ. ಕಾಲು ಮುಟ್ಟಿರಿ, ಚೆನ್ನಾಗಿರುತ್ತದೆ. ಕುರ್ಚಿ ಮಾತ್ರ ಬೇಡ. ನಿನ್ನೆ ಬೀಸುವ ಕಲ್ಲನ್ನು ಮೂಲೆಯಿಂದ ಉರುಳಿಸಿ ತಂದು, ಅರಿಷಿಣ ತೊಳೆದು, ಹೆಸರುಕಾಳು ಹಾಕಿ ತಿರುಗಿಸಿದೆ. ಗಡಗಡ ಎಂದು ಬೈದುಕೊಳ್ಳುತ್ತಲೇ ಬೇಳೆ ಒಡೆಯಿತು. ರಟ್ಟೆ ಹಿಡಿದುಕೊಂಡಿದೆ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ.