ಗೋಡೆಯಾಚೆ ಬಾಗಿದ ನುಗ್ಗೆ

ನುಗ್ಗೆ ಗಿಡವನ್ನು ಮನೆಯ ಮುಂದೆ ಹಚ್ಚಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಅದಕ್ಕೇ ಕಮಲಾಪುರದಲ್ಲಿ ನಮ್ಮ ನುಗ್ಗೆ ಹಿತ್ತಲಲ್ಲಿತ್ತು. ಅದರ ಟೊಂಗೆ ಕೊಟ್ಟವಳು ಹಿತ್ತಲ ಗೋಡೆಯಾಚೆಯ ಮುಸ್ಲಿಂ ಮನೆಯ ಹಿರಿಯಳು, ನಾವು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದವಳು. ಅವ್ವ ಅದನ್ನು ಮಣ್ಣಿಗೆ ಚುಚ್ಚಿ ಬಚ್ಚಲ ನೀರು ಬಿಟ್ಟಿದ್ದಳು, ಅಷ್ಟೆ. ವರ್ಷ ತುಂಬುವುದರೊಳಗೆ ಗಿಡ ಗೋಡೆ ದಾಟಿ, ಎರಡೂ ಮನೆಗೆ ಕಾಯಿ ಬಿಟ್ಟಿತು.

ನಿಜಾಮನ ಪರ ನಿಂತ ರಜಾಕಾರರ ಹಾವಳಿಯಲ್ಲಿ ನಾವು ಸೊಲ್ಲಾಪುರದ ಕಡೆ ಓಡಿದಾಗ ಮನೆಯ ಕೀಲಿ ಇಟ್ಟುಕೊಂಡು ಕಾಯ್ದವಳೂ ಖಾಲಾನೇ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ತಿರುಗಿ ಬಂದರೆ ಒಂದು ತಟ್ಟೆಯೂ ಕಳೆದಿರಲಿಲ್ಲ. ಈಗ ಹೆದರುವ ಸರದಿ ಖಾಲಾಳ ಕಡೆಯವರದಾಗಿತ್ತು. ಸೇಡಿನ ಗುಂಪೊಂದು ಖಾಲಾಳ ಮಗನನ್ನು ಎಳೆದೊಯ್ದಿತ್ತು; ಅವನು ಬರಲೇ ಇಲ್ಲ. ಅವನ ಹೆಂಡತಿ ಹಸಿ ಬಾಣಂತಿ, ಎದೆಯಲ್ಲಿ ಹಾಲಿಲ್ಲ. ಹಾಲಿಳಿಯಲೆಂದು ನಮ್ಮಲ್ಲಿ ಬಾಣಂತಿಗೆ ನುಗ್ಗೆಸೊಪ್ಪು ತಿನ್ನಿಸುತ್ತಾರೆ. ಹೊರಬೀಳಲು ಹೆದರಿದ್ದ ಖಾಲಾ ಆಚೆಗೆ ಬಾಗಿದ ಟೊಂಗೆಯಿಂದಲೇ ಸೊಪ್ಪು ಹರಿದು ಬೇಳೆಗೆ ಹಾಕುತ್ತಿದ್ದಳು.

ಅವರನ್ನು ನೀವು ಸಾಕುತ್ತಿದ್ದೀರಂತೆ ಎಂದು ಓಣಿಯಲ್ಲಿ ಯಾರೋ ಅಪ್ಪನನ್ನು ಕೇಳಿದರು. ಕೇಳಿದ್ದಷ್ಟೇ. ಮರುದಿನ ಬೆಳಿಗ್ಗೆ ಅಪ್ಪ ಓಣಿಗೆಲ್ಲ ಸದ್ದು ಕೇಳುವಂತೆ ಗಿಡವನ್ನು ಬುಡಕ್ಕೇ ಕಡಿದ. ನುಗ್ಗೆ ಮೆದು ಮರ, ಕೊಡಲಿಗೆ ಕೆಲಸವೇ ಇರಲಿಲ್ಲ. ಅವ್ವ ಅಡ್ಡ ಬಂದಳು.

“ನುಗ್ಗಿ ಕಡದ್ರ ಏನ್ ಪಾಪ? ಮತ್ತ ಚಿಗೀತದ,” ಅಂದ ಅಪ್ಪ.

ಸೊಪ್ಪೊಂದೇ ಕೂಸನ್ನು ಉಳಿಸುತ್ತಿತ್ತೆಂದು ನಾನು ಹೇಳುವುದಿಲ್ಲ. ಉಳಿಸುತ್ತಿರಲಿಲ್ಲ ಎನ್ನಲು ಅಪ್ಪನಿಗೂ ಬಾಯಿರಲಿಲ್ಲ. ಕೂಸು ಹೋಯಿತು. ಖಾಲಾ ಸೊಸೆಯನ್ನು ಕರೆದುಕೊಂಡು ಕಲಬುರಗಿಯ ಮೋಮಿನಪುರ ಸೇರಿದಳು. ಹೋಗುವಾಗ ತನ್ನ ಮನೆಯ ಕೀಲಿಯನ್ನು ನಮಗೆ ಕೊಡಲಿಲ್ಲ.

ಅಪ್ಪ ಹೇಳಿದಂತೆಯೇ ಬುಡ ಚಿಗುರಿತು. ನೋಡನೋಡುತ್ತ ಎತ್ತರಕ್ಕೆ ಬೆಳೆದು ಮತ್ತೆ ಆ ಕಡೆಗೇ ಬಾಗಿತು. ಗಿಡಕ್ಕೆ ನಾಚಿಕೆಯಿಲ್ಲ ನೋಡಿ ಎಂದು ಅವ್ವ ಅಪ್ಪನಿಗೆ ಕೇಳುವಂತೆಯೇ ಅನ್ನುತ್ತಿದ್ದಳು. ಅದರ ಕಾಯಿಯನ್ನು ಅವಳು ಸಾರಿಗೆ ಹಾಕಲಿಲ್ಲ, ಬೇಕೆಂದು ಅಪ್ಪ ಕೇಳಲೂ ಇಲ್ಲ. ಅಪ್ಪನ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಲಗ್ನವಾಗಿ ಕಲಬುರಗಿಯದೇ ಬ್ರಹ್ಮಪುರಕ್ಕೆ ಬಂದ ಮೇಲೆ ಒಮ್ಮೆ ಮೋಮಿನಪುರದಲ್ಲಿ ಖಾಲಾ ಎದುರಾದಳು. ಗುರುತು ಹಿಡಿದು ನಿಂತಳು. ಅಪ್ಪ-ಅವ್ವನ ಸುದ್ದಿ ಕೇಳಲಿಲ್ಲ.

“ಗಿಡ ಚಿಗೀತೇನ ಬೇಟಿ?”

ಚಿಗುರಿತು ಅಂದೆ.

“ನಿಮ್ಮಪ್ಪ ಅಂದಿದ್ದು ಗ್ವಾಡಿ ಆಚಿಂದ ನನಗೂ ಕೇಳ್ಸಿತ್ತು,” ಅಂದಳು. ಸೆರಗು ಸರಿಮಾಡಿಕೊಂಡು ತನ್ನ ದಾರಿ ಹಿಡಿದಳು.