ರೆಸ್ಟ್ ಕೊಡುವ ಮ್ಯಾನೇಜರ್
ತಿಕೋಟಾದ ಒಣದ್ರಾಕ್ಷಿ ಗೋದಾಮಿನ ಮ್ಯಾನೇಜರ್ ಗುರುಶಾಂತನ ಬಾಯಲ್ಲಿ ಯಾವ ಕೆಟ್ಟ ಸುದ್ದಿಯೂ ಕೆಟ್ಟದಾಗಿ ಬರುವುದಿಲ್ಲ. ದ್ರಾಕ್ಷಿ ಆರಿಸುವ ಹೆಂಗಸರು ಅವನಿಗೆ ‘ನಮ್ಮ ಫ್ಯಾಮಿಲಿ’, ಅವರ ಊಟದ ಹೊತ್ತನ್ನು ಅರ್ಧ ಮಾಡಿದರೆ ಅದು ‘ಟೈಮ್ ಮ್ಯಾನೇಜ್‌ಮೆಂಟ್’, ಕೆಟ್ಟು ನಿಂತ ಫ್ಯಾನು ಕೂಡ ‘ಕೋಆಪರೇಟ್ ಮಾಡಾಕತ್ತಿಲ್ಲ’. ಜಲನಗರದ ತನ್ನ ಮನೆಯಿಂದ ಬೈಕಿನಲ್ಲಿ ಹೊರಡುವ ಮೊದಲು ಅಂಗಿಯ ಜೊತೆ ಸುಳ್ಳಿಗೂ ಇಸ್ತ್ರಿ ಹಾಕುತ್ತಾನೋ ಏನೋ! ವಸಂತ ಬಂದರೆ ಊರಿಗೆಲ್ಲ ಹಿಗ್ಗು. ಈ ಹೆಂಗಸರು ಮಾತ್ರ ಗೇಟಿನ ಬೇವಿನ ಮರ ನೋಡಿ ನಡುಗುತ್ತಾರೆ. ಅದು ಹೂಬಿಟ್ಟ ವಾರವೇ ಅವನು ಕೆಲವರಿಗೆ ‘ರೆಸ್ಟ್’ ಕೊಡುವುದು. ರೆಸ್ಟ್ ಸಿಕ್ಕವರು ಯಾರೂ ಮರಳಿ ಕೆಲಸಕ್ಕೆ ಬಂದಿಲ್ಲ. ಈ ಸಲ ಹನ್ನೊಂದು ವರ್ಷ ದುಡಿದ ಪರಸವ್ವನ ಸರದಿ. ಆ ಬೆಳಿಗ್ಗೆ ಪೆಟ್ಟಿಗೆಗಳ ಹಿಂದೆ ಒಬ್ಬನೇ ನಿಂತು ಗುರುಶಾಂತ, “ಯವ್ವಾ ಪರಸವ್ವ, ನಾಳಿಂದ ಕೆಲಸ ಇಲ್ಲ. ತಪ್ಪು ನಿಂದಲ್ಲ” ಎಂದು ನಾಲ್ಕು ಸಲ ಹೇಳಿಕೊಂಡದ್ದು ಎಲ್ಲರಿಗೂ ಕೇಳಿಸಿತು. ಹೊರಗೆ ಬಂದವನು ಬೆವರು ಒರೆಸಿಕೊಂಡು, “ಪರಸವ್ವ, ನಿಮಗ ರೆಸ್ಟ್ ಕೊಡಾಕತ್ತೇವ್ರಿ” ಎಂದ. ಪರಸವ್ವ ಕೈಯ ಜರಡಿ ಕೆಳಗಿಟ್ಟಳು. “ಒಳಗ ಛಲೋ ಹೇಳಾಕತ್ತಿದ್ರಲ್ಲ ಸಾಹೇಬ್ರ, ಅದನ್ನ ಹೊರಗ ಹೇಳ್ರಿ. ನಾ ನಿಂತು ಕೇಳತೇನಿ.”