ಹಳ್ಳದ ದಂಡೆಯ ನೀರುನಾಯಿಗಳು

ಆಗಷ್ಟೇ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆ. ಒಂದು ಬೆಳಿಗ್ಗೆ ಸಿರಿಮನೆ ಹತ್ತಿರದ ಹಳ್ಳದ ದಂಡೆಯಲ್ಲಿ ನಡೆಯುತ್ತಿದ್ದಾಗ, ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕೈಯೆತ್ತಿ ತಡೆದರು. ಎದುರಿನ ಬಂಡೆಯ ಮೇಲೆ ನೀರುನಾಯಿ ಮೀನು ತಿನ್ನುತ್ತಿತ್ತು! ಪಕ್ಕದಲ್ಲಿ ಎರಡು ಮರಿಗಳು. ಕ್ಯಾಮೆರಾ ಆನ್ ಮಾಡಿದೆ ನೋಡಿ, ಅದು ಟಿಂಗ್ ಟಿಂಗ್ ಎಂದು ಹಾಡಿಬಿಟ್ಟಿತು. ಎಲ್ಲವೂ ನೀರಿಗೆ ಧುಮುಕಿದವು.

"ಅದರ ಬಾಯಿ ಮುಚ್ಚಿಸಿ ಮಾರಾಯ್ರೆ!" ಎಂದರು ಆಕೆ.

ಹೇಗೆಂದು ನನಗೂ ಗೊತ್ತಿರಲಿಲ್ಲ. ಆಕೆಯೇ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ, ಲೆನ್ಸ್ ಒಂದನ್ನು ಬಿಟ್ಟು ಇಡೀ ಕ್ಯಾಮೆರಾಕ್ಕೆ ಸುತ್ತಿದರು.

"ಸುಮ್ಮನೆ ಕೂತ್ಕೊಳ್ಳಿ. ಮೀನು ಬಿಟ್ಟು ಹೋಗಿದೆ, ಬಂದೇ ಬರ್ತದೆ."

ಉಸಿರು ಬಿಗಿಹಿಡಿದು ಕೂತೆವು. ತಾಯಿ ಮೀಸೆ ಕೊಡವುತ್ತಾ ಮೇಲೆ ಬಂತು, ಹಿಂದೆಯೇ ಮರಿಗಳು ಮೀನಿಗಾಗಿ ಕಿತ್ತಾಡುತ್ತಾ ಬಂದವು. ಟವೆಲ್ ಮೇಲಿಂದಲೇ ಬಟನ್ ಒತ್ತುತ್ತಾ ಒಂದರ ಮೇಲೊಂದು ಫೋಟೊ ಹೊಡೆದೆ.

ಅವು ಹೋದ ಮೇಲೆ ಟವೆಲ್ ಬಿಚ್ಚಿ ಆಕೆಗೆ ಸ್ಕ್ರೀನ್ ತೋರಿಸಿದೆ. "ನೋಡಿ, ಎರಡೂ ಮರಿ ಸಿಕ್ಕಿವೆ!"

ಆಕೆ ಕಣ್ಣು ಕಿರಿದು ಮಾಡಿ, ಬಂಡೆಯ ನೆರಳಿನ ಮೇಲೆ ಬೆರಳಿಟ್ಟರು. "ಮೂರು."

ಹೌದು, ಅಲ್ಲಿಂದ ಪುಟ್ಟ ಮೂತಿಯೊಂದು ಇಣುಕುತ್ತಿತ್ತು! ಖುಷಿಗೆ ಇಬ್ಬರೂ ನಕ್ಕುಬಿಟ್ಟೆವು.

ಫೋಟೊ ನೋಡಿದವರು ಈಗಲೂ ಕೇಳುತ್ತಾರೆ, ಆ ಮೂರನೆಯದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಅಂತ. "ಅದಕ್ಕೆಲ್ಲ ಅಭ್ಯಾಸ ಬೇಕು" ಎನ್ನುತ್ತೇನೆ.